ಡಿಕಾಕ್ಷನ್ ಇಳಿಯುವ ಹೊತ್ತು

ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಪಂಕಜಮ್ಮನ ಕಾಫಿ ಕುಡಿಯದವರೇ ಇರಲಿಲ್ಲ ಎಂದರೆ ಸುಳ್ಳಾದೀತು. ಕುಡಿಯದವರೂ ಇದ್ದರು, ಅವರು ಬರಿಯ ವಾಸನೆ ಹೀರಿಕೊಂಡು ಹೋಗುತ್ತಿದ್ದರು. ಬೆಳಗಿನ ಹೊತ್ತು ಆ ಮನೆಯ ಮುಂದೆ ಹಾದುಹೋಗುವವರ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು. ಬುಕಿಂಗ್ ಕ್ಲರ್ಕ್ ವರದರಾಜನ ಹೆಂಡತಿ, ನಲವತ್ತು ದಾಟಿದವಳು, ಮಕ್ಕಳಿಲ್ಲ, ಮಾತೂ ಕಮ್ಮಿ. ಇಷ್ಟು ಬಿಟ್ಟರೆ ಬೀದಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಆ ಕಾಫಿಯೊಂದೇ. ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, "ಎಲ್ಲರೂ ಮಾಡೋ ಹಾಗೇ ಕಣಮ್ಮ" ಎನ್ನುತ್ತಿದ್ದಳು. ಗುಟ್ಟು ಬಿಟ್ಟುಕೊಡದ ಬಿಂಕ ಎಂದು ಕೇಳಿದವರು ಮೂತಿ ತಿರುವುತ್ತಿದ್ದರು. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಮಾಡುತ್ತಿದ್ದದ್ದು ಇಷ್ಟೆ. ಎದ್ದು ಮುಖ ತೊಳೆದು, ಸೀಮೆಎಣ್ಣೆ ಸ್ಟೌ ಹಚ್ಚಿ ನೀರಿಡುವಳು. ಹಿತ್ತಾಳೆ ಫಿಲ್ಟರಿನ ಮೇಲಿನ ಬಟ್ಟಲಿಗೆ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಮೆತ್ತಗೆ ಒತ್ತುವಳು. ನೀರು ಸದ್ದು ಮಾಡಲು ಶುರುವಾದೊಡನೆ ಒಂದು ಸೌಟಿನಷ್ಟನ್ನು ಪುಡಿಯ ಮೇಲೆ ಸುತ್ತಲೂ ಹನಿಸಿ ಮುಚ್ಚಿಬಿಡುವಳು. ಅವಳ ಅಮ್ಮ ಹಾಗೆ ಮಾಡುತ್ತಿದ್ದರು, ಇವಳೂ ಮಾಡುತ್ತಿದ್ದಳು. ಯಾಕೆ ಎಂದು ಕೇಳಿದವಳಲ್ಲ. ಆಮೇಲೆ ರಂಗೋಲಿ ಪುಡಿಯ ಕರಟ ಹಿಡಿದು ಬಾಗಿಲಿಗೆ ಹೋಗುವಳು. ಹೊಸಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಮುಂದಿನ ನೆಲಕ್ಕೆ ರಂಗೋಲಿ ಎಳೆದು ಒಳಗೆ ಬರುವಷ್ಟರಲ್ಲಿ ನೀರು ಕುದಿದಿರುತ್ತಿತ್ತು. ಉಳಿದ ನೀರನ್ನು ಆಗ ಸುರಿಯುವಳು.

ರಂಗೋಲಿ ಅರ್ಧ ಆಗಿರುವಾಗಲೇ ವರದರಾಜ ರಾತ್ರಿ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಮಕ್ಕಳೊಂದಿಗರಿಗೆ ಹಗಲು ಪಾಳಿ ಇರಲಿ ಎಂದು ರಾತ್ರಿಯದನ್ನು ತಾನೇ ಕೇಳಿ ಹಾಕಿಸಿಕೊಂಡ ಮನುಷ್ಯ ಅವನು. ಅರ್ಧ ಹಾಕಿದ ರಂಗೋಲಿ ದಾಟಿ ಒಳಗೆ ಬರಬಾರದು ಎಂಬುದು ಅವರ ಮನೆತನದ ಕಟ್ಟುಪಾಡು. ಹಾಗಾಗಿ ಬೀದಿಯಲ್ಲೇ ಸೈಕಲ್ಲಿಗೆ ಒರಗಿ ನಿಂತು ರಾತ್ರಿಯ ವರ್ತಮಾನವನ್ನೆಲ್ಲ ಒಪ್ಪಿಸುವನು. ನಿಡಘಟ್ಟದ ಮದುವೆ ದಿಬ್ಬಣ ಮದುಮಗನನ್ನು ಪ್ಲಾಟ್‌ಫಾರಂ ಮೇಲೆ ಮರೆತು ರೈಲು ಹತ್ತಿದ್ದು, ಯಾರೋ ಕೋಳಿಗೂ ಟಿಕೆಟ್ ಕೇಳಿದ್ದು, ಇಂಥವೇ. ಅವಳು ತಲೆ ಎತ್ತದೆ ಕೇಳುವಳು.

"ಸ್ವಲ್ಪ ಚಿಕ್ಕದು ಹಾಕಬಾರದೇನೆ? ಕಾಲು ಬಿದ್ದುಹೋಗ್ತಿದೆ" ಎಂದು ಅವನು ಗೋಳಾಡಿದರೆ, ಬೇಕೆಂದೇ ಇನ್ನೊಂದು ದಳ ಎಳೆಯುವಳು. ಮುಗಿದ ಮೇಲೆ ಬೆರಳು ಕೊಡವಿ, "ಆಯ್ತು, ಬನ್ನಿ" ಎನ್ನುವಳು. ಅವನು ಪಕ್ಕದಿಂದ ಹುಷಾರಾಗಿ ಕಾಲಿಟ್ಟು ಒಳಗೆ ಬರುವನು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡಹೆಂಡಿರು ಕಷ್ಟಸುಖ ಮಾತಾಡಿಕೊಂಡದ್ದೆಲ್ಲ ಬಹುಮಟ್ಟಿಗೆ ಆ ರಂಗೋಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತೇ.

ಒಂದು ಸಲ ಮಾತ್ರ ಅವಳ ಕಾಫಿ ಕೆಟ್ಟಿತ್ತು. ತಮ್ಮ ಕಸ್ತೂರಿರಂಗನ ಸಂಸಾರದ ಜೊತೆ ಮುತ್ತತ್ತಿಗೆ ಹೋದಾಗ, ಹೊಳೆ ದಂಡೆಯಲ್ಲಿ ಮೂರು ಕಲ್ಲು ಹೂಡಿ, ಮಕ್ಕಳ ಗಲಾಟೆಯಲ್ಲಿ ನೀರೆಲ್ಲ ಒಂದೇ ಸಲ ಸುರಿದು ಮಾಡಿದ ಕಾಫಿ. ತೆಳ್ಳಗೆ, ಬಣ್ಣವಿಲ್ಲದೆ ಇಳಿಯಿತು. "ಹೊಳೆ ನೀರಿಗೆ ಡಿಕಾಕ್ಷನ್ ಕಟ್ಟಲ್ಲ ಕಣೇ" ಎಂದು ವರದರಾಜ ತೀರ್ಪು ಕೊಟ್ಟ. ಎಲ್ಲರೂ ನಕ್ಕು ಕುಡಿದರು, ಅವಳೂ ಕಾವೇರಿಯ ಮೇಲೆ ತಪ್ಪು ಹೊರಿಸಿ ಮರೆತಳು.

ಎಪ್ಪತ್ತನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರಂಗೋಲಿ ಮುಗಿಯಿತು, ವರದರಾಜ ಬರಲಿಲ್ಲ. ಅವಳು ಬಾಗಿಲಲ್ಲೇ ನಿಂತಿದ್ದಳು. ಪೋರ್ಟರ್ ಮರಿಸಿದ್ದಯ್ಯ ಓಡಿಬಂದು ಎದುರಿಗೆ ನಿಂತ. ವರದರಾಜ ಟಿಕೆಟ್ ಕಿಟಕಿಯ ಹಿಂದೆ, ಕೂತ ಕುರ್ಚಿಯಲ್ಲಿ, ಕೂತ ಹಾಗೆಯೇ ಹೋಗಿಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಜನ ಅವನನ್ನು ಹೊತ್ತು ತಂದರು. ರಂಗೋಲಿ ತುಳಿದುಕೊಂಡೇ ಒಳಗೆ ಬಂದರು. ಅಂಥ ಹೊತ್ತಿನಲ್ಲಿ ನೆಲ ನೋಡುವವರು ಯಾರು? ಒಂದು ಸೌಟು ನೀರು ಹಾಕಿ ಮುಚ್ಚಿಟ್ಟ ಫಿಲ್ಟರು ಅಡುಗೆಮನೆಯಲ್ಲಿ ಹಾಗೇ ಉಳಿಯಿತು.

ಪಂಕಜಮ್ಮ ಅಳಲಿಲ್ಲ. "ಅಳಿಸ್ರೇ, ಅಳದಿದ್ರೆ ಎದೆಗೆ ಕೂತುಬಿಡುತ್ತೆ" ಎಂದು ಹೆಂಗಸರು ಪಿಸುಗುಟ್ಟಿದರು. ಅವರ ಮಾತಿಗೆ ಬೆಲೆ ಕೊಟ್ಟು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಷ್ಟೆ. ಸೆರಗಿನ ಒಳಗೆ ಕಣ್ಣು ಒಣಗಿಯೇ ಇತ್ತು. ಕೈಯನ್ನು ತಲೆದಿಂಬು ಮಾಡಿ ಮಲಗಿ ಎದ್ದಾಗ ಆ ಕೈ ತನ್ನದಲ್ಲ ಅನ್ನಿಸುವುದಿಲ್ಲವೆ, ಹಾಗೆ ಅವಳಿಗೆ ಇಡೀ ಮೈ ತನ್ನದಲ್ಲ ಅನ್ನಿಸಿತ್ತು. ಯಾರು ಕೂರು ಎಂದರೂ ಕೂತಳು, ಏಳು ಎಂದರೂ ಎದ್ದಳು.

ಮಂಡ್ಯದಿಂದ ಬಂದಿದ್ದ ವರದರಾಜನ ದೊಡ್ಡಮ್ಮ ಗೋದಮ್ಮ ಫಿಲ್ಟರಿನಲ್ಲಿ ಬೂಸಲು ಹಿಡಿದಿದ್ದ ಪುಡಿಯನ್ನು ಹಿತ್ತಿಲಿಗೆ ಚೆಲ್ಲಿ ತೊಳೆದಿಟ್ಟರು. ಕರ್ಮಗಳೆಲ್ಲ ಮುಗಿದ ಮೇಲೆ ರಂಗೋಲಿಯ ಕರಟವನ್ನು ಅಟ್ಟದ ಮೇಲಿಟ್ಟು, "ಇನ್ನು ಇದರ ಕೆಲಸ ನಿನಗಿಲ್ಲಮ್ಮ" ಎಂದರು. ಹೊಸಿಲ ಪೂಜೆ, ರಂಗೋಲಿ ಮುತ್ತೈದೆಯರದ್ದು. ಗೋದಮ್ಮನ ದನಿಯಲ್ಲಿ ಕೆಡುಕಿರಲಿಲ್ಲ. ಸ್ವತಃ ಅವರ ಕರಟವನ್ನೂ ಹಿಂದೆ ಯಾರೋ ಹೀಗೆಯೇ ಎತ್ತಿಟ್ಟಿದ್ದರು. ಪಂಕಜಮ್ಮ "ಆಗಲಿ" ಎಂದಳು. ಕುಂಕುಮ ಹೋಯಿತು, ಹೂವು ಹೋಯಿತು, ಕರಟವೂ ಹೋಯಿತು. ಕರಟ ಹೋದದ್ದು ಅವಳಿಗೆ ಒಂದು ಲೆಕ್ಕವೇ ಆಗಲಿಲ್ಲ.

ಕಾಫಿ ಕೆಟ್ಟದ್ದು ಆವತ್ತಿನಿಂದ. ಕೆಟ್ಟಿದೆ ಎಂದು ಕಂಡುಹಿಡಿದವಳು ಹಾಲಿನ ಹೊಂಬಾಳಮ್ಮ. ಊರಾಚೆಯ ಗೌಡರ ಮನೆಯ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ನಾಲ್ಕು ಮನೆಗೆ ಹಾಲು ಹಾಕುವವಳು. ಪಂಕಜಮ್ಮನ ಹಿತ್ತಿಲ ಗೂಡಿನಲ್ಲಿ ಅವಳದೇ ಒಂದು ಲೋಟ ಇರುತ್ತಿತ್ತು. ಹಾಲು ಅಳೆದಾದ ಮೇಲೆ ಆ ಲೋಟ ಹಿಡಿದು ಕೂರುವಳು, ಪಂಕಜಮ್ಮ ಮೇಲಿನಿಂದ ಕಾಫಿ ಬಗ್ಗಿಸುವಳು. ವರ್ಷಾನುಗಟ್ಟಲೆ ನಡೆದುಬಂದ ಪದ್ಧತಿ.

"ಅಮ್ಮಾರೆ, ಇದೇನ ಇದು?" ಎಂದಳು ಹೊಂಬಾಳಮ್ಮ ಒಂದು ದಿನ, ಲೋಟದೊಳಕ್ಕೆ ಇಣುಕಿ.

"ಕಾಫಿ ಕಣೆ."

"ಇದಾ? ನಮ್ಮೆಮ್ಮೆ ಕುಡಿಯಾ ಕಲಗಚ್ಚೇ ವಾಸಿ ಕಣಮ್ಮಾ. ಬೇಜಾರ್ ಮಾಡ್ಕಬ್ಯಾಡಿ. ಮುಂಚೆ ಇಂಗಿರ್ನಿಲ್ಲ ನಿಮ್ ಕಾಪಿ."

ಪಂಕಜಮ್ಮ ತನ್ನ ಲೋಟದಿಂದ ಒಂದು ಗುಟುಕು ಕುಡಿದು ನೋಡಿದಳು. ಬಿಸಿಯಾಗಿತ್ತು. ಅದಕ್ಕಿಂತ ಹೆಚ್ಚಿನದೇನೂ ಅವಳ ನಾಲಿಗೆಗೆ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ಅವಳು ಈಗ ಮಾಡುತ್ತಿದ್ದದ್ದು ಹೀಗೆ: ನೀರಿಟ್ಟು, ಪುಡಿ ಒತ್ತಿ, ಸ್ಟೌ ಮುಂದೆಯೇ ಸುಮ್ಮನೆ ನಿಂತಿರುವಳು. ಹೋಗುವುದಾದರೂ ಎಲ್ಲಿಗೆ? ನೀರು ಕುದಿದು ಉಕ್ಕಿದಾಗ ಅಷ್ಟನ್ನೂ ಒಂದೇ ಸಲ ಸುರಿಯುವಳು. ನೀರು ಒಣಪುಡಿಯ ನಡುವೆ ಎಲ್ಲೋ ಒಂದು ದಾರಿ ಮಾಡಿಕೊಂಡು ಸರ್ರನೆ ಕೆಳಗಿಳಿದುಬಿಡುವುದು.

ಹೊಂಬಾಳಮ್ಮ ಬಿಡುವವಳಲ್ಲ. ದಿನಾ ಒಂದು ಸಲಹೆ ಕೊಡುವಳು, ಪಂಕಜಮ್ಮ ಬೇಡ ಎನ್ನುವಷ್ಟು ಉತ್ಸಾಹವೂ ಇಲ್ಲದೆ ಮಾಡುವಳು. ಪುಡಿ ಹೆಚ್ಚು ಹಾಕಿದಳು. ಕಾಫಿ ಕಹಿಯಾಯಿತು, ಗಟ್ಟಿಯಾಗಲಿಲ್ಲ. ಬಿಲ್ಲೆಯನ್ನು ಬಲವಾಗಿ ಒತ್ತಿದಳು. ನೀರು ಮಧ್ಯಾಹ್ನದವರೆಗೂ ಇಳಿಯಲೇ ಇಲ್ಲ. ಫಿಲ್ಟರನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ತೂತುಗಳನ್ನು ಸೂಜಿಯಿಂದ ಬಿಡಿಸಿದಳು. ಮರಿಸಿದ್ದಯ್ಯನಿಗೆ ಹೇಳಿ ಮಂಡ್ಯದ ಬೇರೆ ಅಂಗಡಿಯಿಂದ, ಚಿಕೋರಿ ಕಮ್ಮಿ ಇರುವ ಪುಡಿ ತರಿಸಿದಳು. ಹೊಂಬಾಳಮ್ಮ ತನ್ನ ಹಾಲಿನ ಮೇಲೇ ಅನುಮಾನಪಟ್ಟು ಎಮ್ಮೆಯ ಮೇವು ಬದಲಾಯಿಸಿದಳು. ಆ ಎಮ್ಮೆ ಏನು ತಪ್ಪು ಮಾಡಿತ್ತೋ ದೇವರೇ ಬಲ್ಲ. ಯಾವುದರಿಂದಲೂ ಏನೂ ಆಗಲಿಲ್ಲ.

"ನಿಮ್ ಕೈನಾಗೇ ಏನೋ ಒಂಟೋಗದೆ ಅಮ್ಮಾರೆ" ಎಂದಳು ಕೊನೆಗೆ.

"ಇರಬಹುದು" ಎಂದಳು ಪಂಕಜಮ್ಮ.

ಇದೇ ಮಾತು ಬಂಧುಬಳಗದಲ್ಲೂ ಹರಡಿತು. ತಿಂಗಳ ಮಾಸಿಕಗಳಿಗೆ ಮಳವಳ್ಳಿಯಿಂದ ಬರುತ್ತಿದ್ದ ಕಸ್ತೂರಿರಂಗ ಕಾಫಿ ಲೋಟ ಅರ್ಧ ಬಿಟ್ಟು ಹೆಂಡತಿ ಶ್ರೀಮತಿಯ ಮುಖ ನೋಡುವನು. ಅಕ್ಕನಿಗೆ ಒಲೆಯ ಮೇಲೇ ನಿಗಾ ಇಲ್ಲ, ಇನ್ನು ಒಬ್ಬಳೇ ಮನೆ ನಡೆಸುವುದುಂಟೆ? ಅಷ್ಟು ಚೆನ್ನಾಗಿ ಕಾಫಿ ಮಾಡುತ್ತಿದ್ದವಳು ಹೀಗಾದಳೆಂದರೆ ನಾಳೆ ಸ್ಟೌ ಆರಿಸುವುದನ್ನೇ ಮರೆತಾಳು. ವರ್ಷಾಬ್ದಿಕ ಮುಗಿದ ದಿನ ಅವನು ಮಾತು ತೆಗೆದ.

"ಅಕ್ಕಾ, ಈ ಬಾಡಿಗೆ ಮನೆ ಬಿಟ್ಟುಬಿಡೋಣ. ಯುಗಾದಿ ಮುಗೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಮ್ಮ ಮನೇಲಿ ನಿನಗೇನು ಕಮ್ಮಿ? ಮಕ್ಕಳಿದಾವೆ, ಹೊತ್ತು ಹೋಗುತ್ತೆ. ಶ್ರೀಮತಿಗೂ ಮಂಡಿನೋವು."

"ಆಗಲಿ" ಎಂದಳು ಪಂಕಜಮ್ಮ.

ಕಸ್ತೂರಿರಂಗ ಕೆಟ್ಟವನಲ್ಲ. ಮಳವಳ್ಳಿಯ ಮಿಡ್ಲ್ ಸ್ಕೂಲಿನ ಮೇಷ್ಟ್ರು, ಅಕ್ಕನ ಮೇಲೆ ಪ್ರೀತಿ ಇದ್ದವನೇ. ಪ್ರೀತಿಯ ಜೊತೆಗೆ ಮನೆಗೊಂದು ಅಡುಗೆಯ ಕೈ ಸಿಕ್ಕರೆ ಪ್ರೀತಿಗೇನೂ ಕುಂದು ಬರುವುದಿಲ್ಲವಲ್ಲ. ಆದರೆ ಹೀಗೆ ಹೋದ ಹೆಂಗಸರು ತಿರುಗಿ ತಮ್ಮದೊಂದು ಒಲೆ ಹಚ್ಚಿದ್ದನ್ನು ಯಾರೂ ಕಂಡಿಲ್ಲ. ಅದು ಪಂಕಜಮ್ಮನಿಗೂ ಗೊತ್ತಿತ್ತು. ತಾಯಿಯ ಕಡೆಯ ಇಬ್ಬರು ಅತ್ತೆಯರು ಕಂಡವರ ಅಡುಗೆಮನೆಯ ಮೂಲೆಯಲ್ಲಿ ಮುದುಕಿಯರಾದದ್ದನ್ನು ಅವಳು ನೋಡಿದ್ದಳು. ರೈಲ್ವೆಯವರ ಪಿಂಚಣಿ ಬರುತ್ತಿತ್ತು, ಬಾಡಿಗೆ ಕಟ್ಟಿ ಒಂದು ಹೊಟ್ಟೆ ಹೊರೆಯಲು ಅದು ಸಾಕಿತ್ತು. ಬೇಡ ಎನ್ನಬಹುದಿತ್ತು. ಬೇಡ ಎನ್ನಬೇಕಾದರೆ ಏನಾದರೊಂದು ಬೇಕು ಅನ್ನಿಸಿರಬೇಕು. ಅವಳಿಗೆ ಯಾವುದೂ ಬೇಕು ಅನ್ನಿಸುತ್ತಿರಲಿಲ್ಲ.

ಯುಗಾದಿ ಮುಗಿಯಿತು. ತಮ್ಮ ಬರುವ ಹಿಂದಿನ ಸಂಜೆ ಹೊಂಬಾಳಮ್ಮ ಸಾಮಾನು ಕಟ್ಟಲು ಬಂದು ಅಟ್ಟ ಹತ್ತಿದಳು. ಹಳೆಯ ಕೊಪ್ಪರಿಗೆ, ಮುರಿದ ಛತ್ರಿ, ವರದರಾಜನ ಸೈಕಲ್ ಪಂಪು ಒಂದೊಂದಾಗಿ ಇಳಿದವು. ಪಂಕಜಮ್ಮ ಇದು ಇರಲಿ, ಇದು ಬೇಡ ಎಂದು ಬೇರೆಯವರ ಮನೆಯ ಸಾಮಾನು ವಿಂಗಡಿಸುವವಳ ಹಾಗೆ ಹೇಳುತ್ತಿದ್ದಳು. ಕೊನೆಗೆ ಕರಟ ಇಳಿಯಿತು.

"ಇದು ಮಳವಳ್ಳಿಗಾ ಅಮ್ಮಾರೆ?"

"ನನಗ್ಯಾಕೆ? ನೀನು ತಗೊಂಡು ಹೋಗು, ನಿನ್ನ ಸೊಸೆಗಾಗುತ್ತೆ."

"ಈಗ ಕೈ ತುಂಬ ಅದೆ. ಇಲ್ಲೇ ಇರ್ಲಿ ಬುಡಿ, ಒತ್ತಾರೆ ಆಲು ತರ್ತೀನಲ್ಲ, ಆಗ ಓಯ್ತೀನಿ" ಎಂದು ಹೊಂಬಾಳಮ್ಮ ಅದನ್ನು ಮುಂಬಾಗಿಲ ಹೊಸಿಲ ಪಕ್ಕಕ್ಕಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಪಂಕಜಮ್ಮ ಎದ್ದಾಗ ಮನೆಯಲ್ಲಿ ಕಟ್ಟದೆ ಉಳಿದಿದ್ದದ್ದು ಸ್ಟೌ, ಒಂದು ಪಾತ್ರೆ, ಸೌಟು, ಫಿಲ್ಟರು, ಕಾಫಿಪುಡಿ, ಎರಡು ಲೋಟ. ತಮ್ಮ ಬಂದರೆ ಕಾಫಿ ಕೊಡಬೇಕಲ್ಲ, ನೀರಿಟ್ಟಳು. ಪುಡಿ ಹಾಕಿ ಒತ್ತಿದಳು. ಸಾಮಾನೆಲ್ಲ ಖಾಲಿಯಾಗಿ ಅಡುಗೆಮನೆಯಿಂದ ಮುಂಬಾಗಿಲವರೆಗೂ ಏನೂ ಅಡ್ಡವಿರಲಿಲ್ಲ. ನೀರು ಸದ್ದು ಮಾಡತೊಡಗಿದಾಗ ಅವಳು ತಲೆಯೆತ್ತಿದಳು. ಹೊಸಿಲ ಪಕ್ಕದ ಕರಟ ಕಣ್ಣಿಗೆ ಬಿತ್ತು.

ಆಮೇಲೆ ನಡೆದದ್ದಕ್ಕೆ ಅವಳನ್ನು ಹೊಣೆ ಮಾಡುವುದು ಕಷ್ಟ. ಕೈ ಒಂದು ಸೌಟು ನೀರು ತೆಗೆದು ಪುಡಿಯ ಸುತ್ತ ಹನಿಸಿತು, ಮುಚ್ಚಿತು. ಕಾಲು ಬಾಗಿಲಿಗೆ ನಡೆಯಿತು. ನೀರು ಚಿಮುಕಿಸಿ, ಕರಟ ಎಡಗೈಗೆ ತೆಗೆದುಕೊಂಡು ಬಗ್ಗಿದಳು. ವರ್ಷಕ್ಕೂ ಮಿಕ್ಕಿ ಮುಟ್ಟದ ಪುಡಿ ಬೆರಳ ಸಂದಿಯಿಂದ ಒಂದೇ ಸಮ ಇಳಿಯಿತು. ಚುಕ್ಕಿ ಇಟ್ಟಳು, ಎಳೆ ಎಳೆದಳು, ಸುತ್ತು ಕೂಡಿಸಿದಳು. ಮುಗಿದ ಮೇಲೆ ಇನ್ನೂ ಒಂದು ದಳ ಬೇಕೆಂದೇ ಸೇರಿಸಿದಳು. ಬೆರಳು ಕೊಡವಿಕೊಂಡು, ತಲೆಯೆತ್ತಿ ಹೇಳಿದಳು:

"ಆಯ್ತು, ಬನ್ನಿ."

ಬೀದಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ದೂರದಲ್ಲಿ ಹಾಲಿನ ಬಿಂದಿಗೆ ಸೊಂಟಕ್ಕಿಟ್ಟುಕೊಂಡ ಹೊಂಬಾಳಮ್ಮ ನಿಂತಿದ್ದಳು.

"ಯಾರ್ನ ಕರುದ್ರಿ ಅಮ್ಮಾರೆ?"

ಪಂಕಜಮ್ಮ ತನ್ನ ಬೆಳ್ಳಗಾದ ಬೆರಳು ನೋಡಿಕೊಂಡಳು. ಒಳಗೆ ನೀರು ಉಕ್ಕುವ ಸದ್ದು ಕೇಳಿಸಿತು, ಎದ್ದು ಹೋದಳು. ಫಿಲ್ಟರಿನ ಮುಚ್ಚಳ ತೆಗೆದಾಗ ಪುಡಿ ಒದ್ದೆಯಾಗಿ ಉಬ್ಬಿ ಬಟ್ಟಲ ಅಂಚಿಗೆ ಕೂಡಿಕೊಂಡಿತ್ತು. ಉಳಿದ ನೀರು ಸುರಿದಳು. ಅದು ಸರ್ರನೆ ಇಳಿದುಹೋಗಲಿಲ್ಲ. ಮೇಲೆಯೇ ನಿಂತು, ತಡೆದು, ತೊಟ್ಟು ತೊಟ್ಟಾಗಿ ಕೆಳಗಿನ ಪಾತ್ರೆಗೆ ಬೀಳತೊಡಗಿತು. ಅವಳು ಕಿವಿಗೊಟ್ಟು ನಿಂತಳು. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು, ಖಾಲಿ ಮನೆಯಲ್ಲಿ ಅದಕ್ಕೆ ತಡೆಯೇ ಇರಲಿಲ್ಲ.

"ಅಯ್ ಸಿವ್ನೆ!" ಎಂದು ಹಿತ್ತಿಲಿನಿಂದ ಹೊಂಬಾಳಮ್ಮ ಕೂಗಿದಳು. "ಬಂತು ಕಣಮ್ಮಾ! ಅದೇ ಗಮಲು! ಏನ್ ಆಕುದ್ರಿ ಇವತ್ತು?"

ಏನೂ ಹಾಕಿರಲಿಲ್ಲ. ಅದೇ ಪುಡಿ, ಅದೇ ನೀರು, ಅದೇ ಎಮ್ಮೆಯ ಹಾಲು. ನಡುವೆ ಬಾಗಿಲಿಗೆ ಹೋಗಿ ಬಂದಿದ್ದಳು, ಅಷ್ಟೆ. ಪುಡಿಗೆ ಬೇಕಾಗಿದ್ದದ್ದು ಆ ಹೊತ್ತು. ಮೊದಲ ನೀರು ಕುಡಿದು ಸಾವಕಾಶವಾಗಿ ಉಬ್ಬುವ ಹೊತ್ತು. ಮುತ್ತತ್ತಿಯಲ್ಲಿ ಅದಕ್ಕೆ ಸಿಗದ ಹೊತ್ತು. ಬೀದಿಯಲ್ಲಿ ಒಬ್ಬ ಮನುಷ್ಯ ಸೈಕಲ್ಲಿಗೆ ಒರಗಿ, ಕಾಲು ನೋವು ಎಂದು ಗೋಳಾಡುತ್ತ ಕಾಯುತ್ತಿದ್ದದ್ದೂ ಅದೇ ಹೊತ್ತು. ಅವನು ಹೋದ ದಿನ ಹಾಕಿಟ್ಟ ಮೊದಲ ನೀರಿಗೆ ಎರಡನೆಯದು ಬಿದ್ದಿರಲೇ ಇಲ್ಲ.

ಅವಳು ಲೋಟಕ್ಕೆ ಕಾಫಿ ಬೆರೆಸಿ ಒಂದು ಗುಟುಕು ಕುಡಿದಳು. ನಾಲಿಗೆಗೆ ರುಚಿ ಹತ್ತಿತು. ಹತ್ತಿದೊಡನೆ ಲೋಟ ಹಿಡಿದೇ ಹಿತ್ತಿಲ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

"ಅವರು ಬರಲ್ಲ ಹೊಂಬಾಳು" ಎಂದಳು.

"ಊ ಕಣಮ್ಮಾ. ಬರಕ್ಕಿಲ್ಲ."

ಅಷ್ಟು ನೇರವಾಗಿ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ವೈಕುಂಠ ಎಂದಿದ್ದರು, ಪುಣ್ಯವಂತ ಎಂದಿದ್ದರು, ಹಣೆಬರಹ ಎಂದಿದ್ದರು. ಪಂಕಜಮ್ಮ ಬಾಯಿ ತೆರೆದು ಅತ್ತಳು, ಪಕ್ಕದ ಮನೆಗೆ ಕೇಳಿಸುವ ಹಾಗೆ. ಹೊಂಬಾಳಮ್ಮ ಲೋಟ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಮಡಿ ಮೈಲಿಗೆ ಇಬ್ಬರಿಗೂ ನೆನಪಾಗಲಿಲ್ಲ.

ಮಳವಳ್ಳಿಯ ಮೊದಲ ಬಸ್ಸಿಗೆ ಬಂದ ಕಸ್ತೂರಿರಂಗ ಬಾಗಿಲ ಮುಂದೆ ತಟಕ್ಕನೆ ನಿಂತ.

"ಅಕ್ಕಾ! ಇದನ್ನ ಯಾರು ಹಾಕಿದ್ದು?"

ಪಂಕಜಮ್ಮ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿತ್ತು, ಬೆರಳ ತುದಿ ಇನ್ನೂ ಬೆಳ್ಳಗಿತ್ತು.

"ನಾನೇ."

"ನೀನಾ? ಅಕ್ಕಾ, ನೋಡಿದವರು ಏನೆಂದಾರು? ಒಂದಿಷ್ಟು ನೀರು ತಾ, ಅಳಿಸಿಬಿಡೋಣ" ಎಂದು ಅವನು ಕಾಲು ಮುಂದಿಟ್ಟ.

"ತುಳೀಬೇಡ ರಂಗ. ಪಕ್ಕದಿಂದ ಬಾ."

ಒಂದು ವರ್ಷದಿಂದ ಆಗಲಿ ಎಂದಷ್ಟೇ ಹೇಳುತ್ತಿದ್ದ ಅಕ್ಕನ ಬಾಯಿಂದ ಬೇಡ ಎಂಬುದು ಹೊರಟದ್ದು ಕೇಳಿ ಅವನು ಪಕ್ಕದಿಂದ ಕಾಲಿಟ್ಟು ಒಳಗೆ ಬಂದ. ಕಟ್ಟಿಟ್ಟ ಗಂಟಿನ ಮೇಲೆ ಕೂತು ಕಾಫಿ ಕುಡಿದ. ಒಂದು ಗುಟುಕಿಗೆ ಲೋಟ ಕೆಳಗಿಳಿಸಿ ಅಕ್ಕನ ಮುಖ ನೋಡಿದ, ಆಮೇಲೆ ಪೂರ್ತಿ ಕುಡಿದು ಮುಗಿಸಿದ.

"ಭಾವ ಇದ್ದಾಗಿನ ಕಾಫಿ" ಎಂದ.

"ಹೂಂ. ನಾನು ಮಳವಳ್ಳಿಗೆ ಬರಲ್ಲ ರಂಗ. ಮನೆ ಖಾಲಿ ಮಾಡಲ್ಲ ಅಂತ ಬಾಡಿಗೆ ಮನೆ ಯಜಮಾನರಿಗೆ ಹೋಗಿ ಹೇಳಿಬಿಡು."

ಅವನು ವಾದಿಸಿದ. ಜನದ ಮಾತೆತ್ತಿದ, ಶ್ರೀಮತಿಯ ಮಂಡಿಯ ಮಾತೆತ್ತಿದ. ಅವಳು ಎರಡನೇ ಲೋಟ ಬೆರೆಸಿ ಕೈಗೆ ಕೊಟ್ಟಳು. ಮಧ್ಯಾಹ್ನದ ಬಸ್ಸಿಗೆ ಅವನೊಬ್ಬನೇ ಹೊರಟ, ಹೋಗುವಾಗಲೂ ಪಕ್ಕದಿಂದಲೇ ದಾಟಿ. ಹೊಂಬಾಳಮ್ಮ ಗಂಟುಗಳನ್ನು ಬಿಚ್ಚಲು ಶುರುಮಾಡಿದಳು. ಕರಟದ ಮಾತನ್ನು ಅವಳು ಎತ್ತಲಿಲ್ಲ, ಪಂಕಜಮ್ಮನೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಪಂಕಜಮ್ಮ ನೀರಿಟ್ಟು, ಪುಡಿ ಒತ್ತಿ, ಒಂದು ಸೌಟು ಹನಿಸಿ ಮುಚ್ಚಿದಳು. ಕರಟ ಹಿಡಿದು ಬಾಗಿಲಿಗೆ ಹೋದಳು. ಎದುರು ಮನೆಯ ಕಿಟಕಿ ಸ್ವಲ್ಪ ತೆರೆದುಕೊಂಡದ್ದು ಗೊತ್ತಾಯಿತು. ಗೊತ್ತಾದರೂ ಬಗ್ಗಿ ರಂಗೋಲಿ ಎಳೆದಳು. ಮುಗಿದ ಮೇಲೆ ಬೆರಳು ಕೊಡವಿ ಬೀದಿಯ ಕಡೆ ನೋಡಿದಳು. ಸೈಕಲ್ಲು ಒರಗಿ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಈ ಸಲ ಬನ್ನಿ ಎನ್ನಲಿಲ್ಲ. ಹೊಸಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಕಣ್ಣೊರೆಸಿಕೊಂಡು, ಒಳಗೆ ಹೋಗಿ ಎರಡನೆಯ ನೀರು ಹಾಕಿದಳು.